ಹತ್ತನ್ನು ಮೂರರಿಂದ ಭಾಗಿಸಿದರೆ

ಮೊಮ್ಮಗಳು ಇವತ್ತು ಹತ್ತನ್ನು ಮೂರರಿಂದ ಭಾಗಿಸುತ್ತ ಕೂತದ್ದು ನೋಡಿ, ಗುಂಜಿಯ ಅಜ್ಜಿಮನೆಯ ಪಡಸಾಲೆ ಕಣ್ಣಿಗೆ ಬಂತು.

ಅಪ್ಪ ಹೊಡೆದಾಗಲೆಲ್ಲ ಅವ್ವ ನನ್ನನ್ನು ಕರೆದುಕೊಂಡು ಅನಗೋಳದಿಂದ ಆ ತವರಿಗೆ ರೈಲಿನಲ್ಲಿ ಬರುತ್ತಿದ್ದಳು. ಒಂದು ಸಲ ಅಲ್ಲಿ ನಾನೂ ಇದೇ ಲೆಕ್ಕ ಮಾಡುತ್ತಿದ್ದೆ. ದಶಮಾಂಶ ಬಿಂದುವಿನ ಮುಂದೆ ಪಾಟಿ ತುಂಬ ಮೂರುಗಳು. ಶೇಷ ಮಾತ್ರ ಮತ್ತೆ ಅದೇ ಹಾಳು ಒಂದು.

“ಅವ್ವಾ, ಎಷ್ಟ ಭಾಗಿಸಿದ್ರೂ ಒಂದ ಉಳೀತೈತಿ,” ಎಂದೆ.

“ಅಳಸಿಬಿಡವಾ, ಅದು ಮುಗಿಯೂದಲ್ಲ,” ಎಂದಳು ಅವ್ವ.

ಅಷ್ಟರಲ್ಲಿ ಅಜ್ಜಿ ಎಂದಿನಂತೆ ಮೊರದಲ್ಲಿ ಅಕ್ಕಿ ತಂದು ಅವ್ವನಿಗೆ ಹೇಳಿದಳು: “ಬಾ, ಉಡಿ ತುಂಬತೇನಿ. ಸಂಜಿ ಗಾಡಿಗೆ ಗಂಡನ ಮನಿಗೆ ಹೋಗವಾ.” ಅವ್ವ ಸೆರಗೊಡ್ಡಿದಳು.

ಮೊಮ್ಮಗಳು ಇನ್ನೂ ಭಾಗಿಸುತ್ತಿದ್ದಾಳೆ. ಕೆನ್ನೆ ಊದಿದ ನನ್ನ ಮಗಳು ಒಳಗೆ ಮಲಗಿದ್ದಾಳೆ. ನಾನಾಗಲೇ ಮೊರದಲ್ಲಿ ಅಕ್ಕಿ ತೆಗೆದಿಟ್ಟಿದ್ದೇನೆ.