ಅಣ್ಣನ ಕಂಪ್ಯೂಟರಿನ ಮಾನಿಟರ್

ನಮ್ಮ ಮನೆಯಲ್ಲಿ, ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಕಂಪ್ಯೂಟರ್ ಕೆಟ್ಟರೆ ನನ್ನನ್ನೇ ಕರೆಯುತ್ತಾರೆ. ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿರುವವಳು ನಾನು. ಬನಶಂಕರಿಯ ನಮ್ಮ ಬೀದಿಯಲ್ಲಿ ಸೊಪ್ಪು ಕೊಳ್ಳುತ್ತ ನಿಂತಿದ್ದರೂ ಯಾರಾದರೊಬ್ಬರು ಬಂದು “ಮೇಡಂ, ನಮ್ದು ಆನ್ ಆಗ್ತಾನೇ ಇಲ್ಲ” ಎನ್ನುತ್ತಾರೆ. ನಾನೂ ಬಿಂಕ ಮಾಡುವವಳಲ್ಲ. ಸ್ಕ್ರೂಡ್ರೈವರ್ ಕೈಚೀಲದಲ್ಲೇ ಇರುತ್ತದೆ. ಹಾಗಾಗಿ ಕಳೆದ ವರ್ಷ ಒಂದು ಗುರುವಾರ ಅಣ್ಣನ ಕಂಪ್ಯೂಟರ್ ಸದ್ದಿಲ್ಲದೆ ಕೈಕೊಟ್ಟಾಗ ನನಗೆ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಅವನಿಗೆ.

ಅಣ್ಣ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಾನೆ. ನಲವತ್ತರ ಹೊತ್ತಿಗೆ ಅವನ ದೃಷ್ಟಿ ಮಂಕಾಗತೊಡಗಿ, ನಲವತ್ತೈದಕ್ಕೆ ಪೂರ್ತಿ ಹೋಯಿತು. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದ, ಅದನ್ನು ಬಿಡಬೇಕಾಯಿತು. ಆಮೇಲೆ ಹಟ ಹಿಡಿದು, ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನು ಕಲಿತ. ಆರು ವರ್ಷ ಮನೆಯಲ್ಲೇ ಕೂತ ಮೇಲೆ ಈಗ ಒಂದು ಕಡೆಯಿಂದ ಕರೆ ಬಂದಿತ್ತು. ಧ್ವನಿಮುದ್ರಣ ಕೇಳಿ ಕನ್ನಡದಲ್ಲಿ ಟೈಪ್ ಮಾಡುವ ಕೆಲಸ. ಶನಿವಾರ ಸಂಜೆ ನಾಲ್ಕಕ್ಕೆ ಪರೀಕ್ಷೆ: ಅವರು ಧ್ವನಿಮುದ್ರಣ ಕಳಿಸುತ್ತಾರೆ, ಇವನು ಒಂದು ಗಂಟೆಯಲ್ಲಿ ಟೈಪ್ ಮಾಡಿ ವಾಪಸ್ಸು ಕಳಿಸಬೇಕು. ನನ್ನ ಲ್ಯಾಪ್‌ಟಾಪ್ ಕಾಲೇಜಿನದು, ಅದರಲ್ಲಿ ಬೇರೆ ಏನನ್ನೂ ಹಾಕುವಂತಿಲ್ಲ. “ಶನಿವಾರ ಮಧ್ಯಾಹ್ನದೊಳಗೆ ನಿನ್ನ ಕಂಪ್ಯೂಟರ್ ಓಡದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ” ಎಂದು ಹೇಳಿಬಿಟ್ಟೆ.

ಹಳೆಯ ಮದರ್‌ಬೋರ್ಡ್ ಸುಟ್ಟಿತ್ತು. ಶನಿವಾರ ಬೆಳಿಗ್ಗೆ ಜಯನಗರದ ಅಂಗಡಿಯೊಂದರಲ್ಲಿ ಹೊಸ ಬೋರ್ಡ್, ಹೊಸ ಪ್ರೊಸೆಸರ್ ತೆಗೆದುಕೊಂಡೆ. ಅಂಗಡಿಯವನು ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು ತೋರಿಸಿ “ಸಾಕೆಟ್ ಒಂದೇ ಮೇಡಂ, ಕಣ್ಮುಚ್ಕೊಂಡು ಹಾಕಿ” ಎಂದ. ನಾನು ಕಣ್ಣು ಮುಚ್ಚುವವಳೇ? ಬೋರ್ಡ್ ಮಾಡಿದವರು ಕೊಟ್ಟಿರುವ, ಅದಕ್ಕೆ ಹೊಂದುವ ಪ್ರೊಸೆಸರುಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದು ನೋಡಿದೆ. ಆ ಪ್ರೊಸೆಸರ್ ಪಟ್ಟಿಯಲ್ಲಿತ್ತು. ಆದರೆ ಪಕ್ಕದಲ್ಲಿ ಒಂದು ಷರತ್ತು: ಬೋರ್ಡಿನೊಳಗಿನ ಬಯಾಸ್ ಹೊಸದಿರಬೇಕು. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್ ಅದು. ಹಳೆಯದಾಗಿದ್ದರೆ ಆಮೇಲೆ ಹುಟ್ಟಿದ ಪ್ರೊಸೆಸರಿನ ಗುರುತೇ ಅದಕ್ಕೆ ಸಿಗುವುದಿಲ್ಲ. “ಬೋರ್ಡು ಹಳೇ ಸ್ಟಾಕಾ?” ಎಂದೆ. “ಹೋದ್ ವಾರ ಬಂದಿದ್ದು ಮೇಡಂ” ಎಂದ. ನಂಬಿದೆ, ಅರ್ಧ.

ಹನ್ನೆರಡಕ್ಕೆಲ್ಲ ಜೋಡಣೆ ಮುಗಿಯಿತು. ಹಳೆಯ ಡಿಸ್ಕನ್ನೇ ಹಾಕಿದೆ. ಅಣ್ಣನ ಸಮಸ್ತವೂ ಅದರಲ್ಲಿತ್ತು. ಅವನು ಮಂಚದ ಮೇಲೆ ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಹೆಡ್‌ಫೋನ್ ಸಿಗಿಸ್ಲಾ?” ಎಂದ.

“ತಡಿ, ಮೊದ್ಲು ಡಿಸ್‌ಪ್ಲೇ ಬರ್ಲಿ” ಎಂದೆ.

ಲ್ಯಾಬಿನಲ್ಲಿ ನಾನು ಕಲಿಸುವುದೂ ಹಾಗೆಯೇ: ಮೊದಲು ಚಿತ್ರ, ಮಿಕ್ಕಿದ್ದೆಲ್ಲ ಆಮೇಲೆ. ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ‘ಸಿಗ್ನಲ್ ಇಲ್ಲ’ ಎಂದು ತೋರಿಸಿ ಅದೂ ಮಲಗಿತು. ರ‍್ಯಾಮ್ ತೆಗೆದು ಒರೆಸಿ ಹಾಕಿದೆ. ಪ್ರೊಸೆಸರನ್ನೇ ಎತ್ತಿ ಕೆಳಗಿನ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿದೆ, ಒಂದೂ ಬಾಗಿರಲಿಲ್ಲ. ಬೋರ್ಡಿನ ಬಿಲ್ಲೆ ಬ್ಯಾಟರಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕೂರಿಸಿದೆ. ಪರದೆ ಕಪ್ಪಗೇ ಇತ್ತು. ಅಣ್ಣ ಇನ್ನೊಂದು ಸಲ ಹೆಡ್‌ಫೋನಿನ ಮಾತೆತ್ತಿದ. “ಸತ್ತಿರೋದಕ್ಕೆ ಹೆಡ್‌ಫೋನ್ ಯಾಕಪ್ಪಾ?” ಎಂದು ರೇಗಿದೆ.

ಎರಡೂವರೆಯ ಹೊತ್ತಿಗೆ ತೀರ್ಪು ಕೊಟ್ಟೆ. ಬಯಾಸ್ ಹಳೆಯದು, ಬೋರ್ಡಿಗೂ ಪ್ರೊಸೆಸರಿಗೂ ಹೊಂದುತ್ತಿಲ್ಲ. ಹಳೆಯ ಪ್ರೊಸೆಸರ್ ಇರುವವರ ಹತ್ತಿರ ಒಯ್ದು ಬಯಾಸನ್ನು ಹೊಸದು ಮಾಡಿಸಬೇಕು, ಬೇರೆ ದಾರಿಯಿಲ್ಲ. ಅಂಗಡಿಯವನು ಫೋನ್ ಎತ್ತಲಿಲ್ಲ. ಬಿಟಿಎಂ ಬಡಾವಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ರಿಪೇರಿ ಅಂಗಡಿ ಇದೆ. ಆಟೋ ಹಿಡಿದರೂ ಹೋಗಿ ಬರುವಷ್ಟರಲ್ಲಿ ನಾಲ್ಕು ದಾಟುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅಣ್ಣನ ಮುಖ ನೋಡಲಾಗದೆ ನಾನು ಬಗ್ಗಿ ಪವರ್ ವೈರ್ ಕೀಳಲು ಕೈ ಹಾಕಿದೆ.

“ತಡಿಯೇ, ಆಫ್ ಮಾಡ್ಬೇಡ” ಎಂದ. ಎದ್ದು ಬಂದು ಕೀಬೋರ್ಡ್ ತಡವಿ ಕ್ಯಾಪ್ಸ್ ಲಾಕ್ ಒತ್ತಿದ. “ಲೈಟ್ ಹತ್ತಿತಾ?”

“ಹತ್ತಿತು.”

ಮತ್ತೆ ಒತ್ತಿದ. “ಈಗ?”

“ಆರಿತು.”

ಸತ್ತ ಬೋರ್ಡ್ ಹಾಗೆ ದೀಪ ಹತ್ತಿಸಿ ಆರಿಸುವುದಿಲ್ಲ. ಮೊದಲ ವರ್ಷದ ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ ಅದು. ಅವನು ಹೆಡ್‌ಫೋನ್ ಸಿಗಿಸಿ ಕಿವಿಗಿಟ್ಟುಕೊಂಡ. ಪಟಪಟ ಪಾಸ್‌ವರ್ಡ್ ಕುಟ್ಟಿದ. ಆಮೇಲೆ ಗೊಳ್ಳನೆ ನಕ್ಕು, ಒಂದು ಕಡೆಯ ಹೆಡ್‌ಫೋನನ್ನು ನನ್ನ ಕಿವಿಗೆ ಒತ್ತಿದ. ಅವನು ಇಟ್ಟುಕೊಂಡಿರುವ ವೇಗದಲ್ಲಿ ಪರದೆ ಓದುವ ಆ ತಂತ್ರಾಂಶದ ದನಿ ಒದರುತ್ತಿತ್ತು; ನನಗೆ ಒಂದಕ್ಷರವೂ ತಿಳಿಯಲಿಲ್ಲ.

“ಎಲ್ಲಾ ಇದೆ ಕಣೇ. ಮಧ್ಯಾಹ್ನದಿಂದ ಮಾತಾಡ್ತಾನೇ ಇದೆ, ಪಾಪ.”

ಪ್ರೊಸೆಸರಿನ ಡಬ್ಬಿ ತೆಗೆದು ಈ ಸಲ ಸರಿಯಾಗಿ ಓದಿದೆ. ಚಿತ್ರ ತೋರಿಸುವ ಭಾಗವೇ ಇಲ್ಲದ ಮಾದರಿ. ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರಷ್ಟೇ ಪರದೆ ಬೆಳಗುತ್ತದೆ. ಬೋರ್ಡೂ ಪ್ರೊಸೆಸರೂ ಚೆನ್ನಾಗಿಯೇ ಹೊಂದಿಕೊಂಡಿದ್ದವು. ಸಾಕೆಟ್ ನೋಡಿದ್ದೆ, ಪಟ್ಟಿ ನೋಡಿದ್ದೆ, ಇದೊಂದನ್ನು ನೋಡಿರಲಿಲ್ಲ. ಆದರೂ ನನ್ನ ಧೈರ್ಯವೇನೂ ಕುಗ್ಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು “ಇಲ್ಲೇ ಹತ್ರದಲ್ಲಿ ಸಿಗುತ್ತೆ, ಮೂರೂವರೆಗೆ ಕಾರ್ಡ್ ತಂದು ಹಾಕ್ತೀನಿ” ಎಂದೆ.

“ಯಾರಿಗೆ?” ಎಂದ ಅಣ್ಣ.

ಚಪ್ಪಲಿ ಬಿಟ್ಟು ಬಂದು ಕೂತೆ.

ಸರಿಯಾಗಿ ನಾಲ್ಕಕ್ಕೆ ಧ್ವನಿಮುದ್ರಣ ಬಂತು. ಅವನು ಟೈಪ್ ಮಾಡುವಾಗ ಹಿಂದಿನಿಂದ ಪರದೆ ನೋಡುತ್ತ “ಅಲ್ಲಿ ಒತ್ತು ಬಿಟ್ಟಿದೆ”, “ಆ ಪದ ಬೇರೆ ಮಾಡು” ಎನ್ನುತ್ತ ಕೂರುವುದು ನನ್ನ ಅಭ್ಯಾಸ. ಪರೀಕ್ಷೆಯಲ್ಲೂ ಮೆಲ್ಲಗೆ ಹೇಳಿಕೊಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಸುಳ್ಳೇಕೆ. ಈಗ ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಒಂದು ಗಂಟೆ ಬರೀ ಕೀಲಿಗಳ ಸದ್ದು. ನಡುನಡುವೆ ಅವನು ನಿಲ್ಲಿಸುತ್ತಿದ್ದ, ಹಿಂದೆ ಹೋಗಿ ಕೇಳುತ್ತಿದ್ದ, ತಿದ್ದುತ್ತಿದ್ದ. ನನಗೆ ಭಯವಾಯಿತು. ಅವನು ಸೋಲುತ್ತಾನೆಂಬ ಭಯ. ಐದಕ್ಕೆ ಐದು ನಿಮಿಷವಿರುವಾಗಲೇ ಕಳಿಸಿ ಕೈ ಒರೆಸಿಕೊಂಡ.

“ಇವತ್ತು ಒಂದು ಮಾತೂ ಆಡ್ಲಿಲ್ವಲ್ಲೇ ನೀನು” ಎಂದ.

“ನಂಗೇನೂ ಕಾಣ್ಲಿಲ್ಲ ಅಣ್ಣಾ.”

“ನಂಗೂ ಕಾಣ್ಲಿಲ್ಲ” ಎಂದ.

ಮಂಗಳವಾರ ಫೋನ್ ಬಂತು. ಮುಂದಿನ ವಾರದಿಂದಲೇ ಕೆಲಸ. ಅಮ್ಮನ ಫೋಟೋದ ಮುಂದೆ ದೀಪ ಹಚ್ಚಿ, ಮಹಡಿಗೆ ಕಾಫಿ ತೆಗೆದುಕೊಂಡು ಹೋದೆ. ಈಗಲಾದರೂ ಆ ಗ್ರಾಫಿಕ್ಸ್ ಕಾರ್ಡ್ ತಂದುಬಿಡುತ್ತೇನೆ ಎಂದೆ. “ಬೇಡ. ಆ ಮಾನಿಟರ್ ಕೆಳಗೆ ತಗೊಂಡ್ಹೋಗು. ಕಾಫಿ ಲೋಟ ಇಡೋಕೆ ಜಾಗ ಆಗುತ್ತೆ” ಎಂದ.

ವೈರು ಸುತ್ತಿ ಮಾನಿಟರನ್ನು ಎತ್ತಿಕೊಂಡೆ. ಮೇಲೆ ಒಂದು ಚೂರೂ ದೂಳಿರಲಿಲ್ಲ. ಇಷ್ಟು ವರ್ಷ ಪ್ರತಿ ಶುಕ್ರವಾರ ಅದನ್ನು ಒರೆಸಿಡುತ್ತಿದ್ದವನು ಅಣ್ಣ, ನೋಡುತ್ತಿದ್ದವಳು ನಾನೊಬ್ಬಳೇ.