ದಾವಲ್ ಬೀಗೆ ಎರಡನೇ ಸಲ ಬಂದದ್ದು

ಮಾನ್ವಿಯಲ್ಲಿ ಮುಸಲ್ಮಾನರ ಮನೆಯ ಹೆಂಗಸು ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಲು ದಾವಲ್ ಬೀಗೆ ಕರೆ ಬರುತ್ತಿತ್ತು. ಗಂಡ ಹೋದ ಮೇಲೆ ಅವಳು ಅಕ್ಕ ಸುಗ್ರಾ ಬೇಗಂಳ ಮನೆಯಲ್ಲೇ ಇದ್ದಳು. ಸುಗ್ರಾಗೆ ಹಳೆಯ ಉಬ್ಬಸ. ಸುಗ್ರಾಳ ಮಗಳು ಅಲ್ಮಾಸ್ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಳು.

2020ರ ಮಳೆಗಾಲದಲ್ಲಿ ಕೊರೊನಾ ದಾವಲ್ ಬೀಯನ್ನು ಕೆಡವಿತು. ರಾಯಚೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿಕೊಂಡು ಮಲಗಿ, ಹೇಗೋ ಬದುಕಿದಳು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ನಿಮ್ಮ ಮೈಗೆ ಈಗ ಈ ರೋಗದ ಗುರುತು ಸಿಕ್ಕದ. ಕೆಲವು ತಿಂಗಳು ಕಾಯ್ತದ. ಎಷ್ಟು ತಿಂಗಳು ಅನ್ನೋದು ನಮಗೂ ಗೊತ್ತಿಲ್ಲ, ಹುಷಾರಿರ್ರಿ."

ಆ ಮಾತಿನ ಮೊದಲರ್ಧ ಮಾತ್ರ ಅವಳ ಜೊತೆ ಊರಿಗೆ ಬಂತು. ಓಣಿಯವರು ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. "ದಡಾರ ಒಮ್ಮಿ ಬಂದ್ರ ಮತ್ತ ಬರ್ತದೇನು? ಇದೂ ಹಂಗ."

ಮುಂದಿನ ಬೇಸಿಗೆಯಲ್ಲಿ ಸಾವು ಓಣಿ ಓಣಿ ಹೊಕ್ಕಿತು. ಮನೆಯಲ್ಲೇ ಸತ್ತ ಅತ್ತೆಯನ್ನು ಮುಟ್ಟಲು ಸೊಸೆಯರು ಹೆದರಿದರು. ದಾವಲ್ ಬೀ ಹೆದರಲಿಲ್ಲ. ಲಸಿಕೆಗೆ ಕರೆಯಲು ಬಂದ ಆಶಾ ಕಾರ್ಯಕರ್ತೆ ಉಮಾದೇವಿಗೆ, "ನನಗ ಅಲ್ಲಾನೇ ಹಾಕ್ಯಾನ, ಬ್ಯಾರೇದೋರಿಗೆ ಕೊಡ್ರಿ" ಅಂದಳು.

ರಂಜಾನ್ ತಿಂಗಳಲ್ಲಿ ದೇವದುರ್ಗದಿಂದ ಫೋನ್ ಬಂತು. ಬಾಣಂತಿಯೊಬ್ಬಳು ಜ್ವರದಲ್ಲಿ ಹೋಗಿದ್ದಳು. ಬಸ್ಸಿಲ್ಲ, ಆಟೋ ಮಾಡಿಕೊಂಡು ಹೋದಳು. ಇಕ್ಕಟ್ಟಾದ ಬಚ್ಚಲಲ್ಲಿ ಮಾಸ್ಕ್ ತೊಯ್ದು ಮೂಗಿಗೆ ಅಂಟಿದಾಗ ಕಿತ್ತು ಬದಿಗಿಟ್ಟಳು. ಹುಡುಗಿಯ ಎದೆಯಲ್ಲಿ ಇನ್ನೂ ಹಾಲಿತ್ತು. ಒರೆಸಿ, ಕಫನ್ ಬಟ್ಟೆ ಹೊದಿಸಿ ಹೊರಗೆ ಬಂದರೆ, ಅವಳ ತಾಯಿ ಕೆಮ್ಮುತ್ತ ಕೆಮ್ಮುತ್ತ ಅಳುತ್ತಿದ್ದಳು. ದಾವಲ್ ಬೀ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಕುಳಿತಳು.

ಕೆಲವೇ ದಿನಕ್ಕೆ ಗಂಟಲು ಕೆರೆಯಿತು. ಜ್ವರವಿಲ್ಲ, ಸುಸ್ತಿಲ್ಲ.

"ಖಾಲಾ, ಅಮ್ಮಿಯಿಂದ ದೂರ ಮಲಕೋ," ಅಂದಳು ಅಲ್ಮಾಸ್ ಚಿಕ್ಕಮ್ಮನಿಗೆ.

"ನೆಗಡಿ ಬೇ ಇದು. ಆ ರೋಗ ನನಗ ಬಂದು ಹೋಗ್ಯದ."

ಎಂದಿನಂತೆ ಅಕ್ಕನ ಪಕ್ಕದಲ್ಲೇ ಚಾಪೆ ಹಾಸಿದಳು.

ವಾರದೊಳಗೆ ಸುಗ್ರಾ ಒಂದು ಮಾತಿಗೆ ಎರಡು ಸಲ ಉಸಿರು ತೆಗೆಯುವಂತಾಯಿತು. ರಾಯಚೂರಿನಲ್ಲಿ ಎಲ್ಲೂ ಹಾಸಿಗೆ ಇರಲಿಲ್ಲ. ಕೊನೆಗೆ ಒಂದು ಕಡೆ ಸಿಕ್ಕಿತು, ಆದರೆ ಅವಳು ಎದ್ದು ಬರಲಿಲ್ಲ. ಅಲ್ಲೇ ದಾವಲ್ ಬೀಯ ಮೂಗಿಗೂ ಕಡ್ಡಿ ಹಾಕಿ ನೋಡಿದರು. ಪಾಸಿಟಿವ್.

"ನನಗ ಒಮ್ಮಿ ಬಂದಿತ್ತಲ್ರೀ..."

"ಮತ್ತ ಬಂದದವ್ವಾ," ಅಂದರು ಅಲ್ಲಿಯ ಡಾಕ್ಟರು. "ಮೊದಲಿನ ಶಕ್ತಿ ಸ್ವಲ್ಪ ಉಳಿದಿತ್ತು, ಅದಕ್ಕ ನಿಮಗ ನೆಗಡಿಯಷ್ಟಕ್ಕ ಹೋಯ್ತು. ಆದ್ರ ನಿಮ್ಮಿಂದ ಇನ್ನೊಬ್ಬರಿಗೆ ಹೋಗೋದನ್ನ ಅದು ತಡಿಯಂಗಿಲ್ಲ. ನಿಮ್ಮ ಅಕ್ಕಗ ನಿಮ್ಮಿಂದಲೇ ಬಂತಂತ ನಾ ಹೇಳಾಕ ಬರಂಗಿಲ್ಲ."

ದಾವಲ್ ಬೀಗೆ ಅವರು ಹೇಳುವುದು ಬೇಕಿರಲಿಲ್ಲ.

ಸುಗ್ರಾಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನೀರು ಹಾಕದೆ, ಗುರುತಿಲ್ಲದ ಹುಡುಗರು ರಾಯಚೂರಿನಲ್ಲೇ ಮಣ್ಣು ಮಾಡಿದರು. ತಂಗಿಯನ್ನು ಹತ್ತಿರ ಬಿಡಲಿಲ್ಲ. ಗೇಟಿನಾಚೆ ನಿಂತು ಗಾಡಿ ಹೋಗುವುದನ್ನು ನೋಡಿದಳು.

"ದೇವದುರ್ಗದಾಗ ಯಾರೋ ಹುಡುಗಿಗೆ ನೀರು ಹಾಕಿ ಬಂದಿ," ಅಂದಳು ಅಲ್ಮಾಸ್. "ನನ್ನ ಅಮ್ಮೀಗೆ ಯಾರು ಹಾಕಿದ್ರು?"

ತಿಂಗಳುಗಟ್ಟಲೆ ಇಬ್ಬರೂ ಒಂದೇ ಒಲೆಯ ಮುಂದೆ ಮಾತಿಲ್ಲದೆ ಅಡುಗೆ ಮಾಡಿಕೊಂಡರು. ಉಮಾದೇವಿ ಮತ್ತೆ ಬಂದಾಗ ದಾವಲ್ ಬೀ ಲಸಿಕೆಗೆ ತೋಳು ಚಾಚಿದಳು. ಸಾವಿನ ಮನೆಗಳಿಂದ ಕರೆ ಬಂದರೆ ಈಗಲೂ ಹೋಗುತ್ತಿದ್ದಳು. ಬಂದು ತಲೆಗೆ ನೀರು ಹಾಕಿಕೊಂಡು, ಯಾರೊಡನೆಯೂ ಬೆರೆಯದೆ ಹೊರಗೇ ಕೂರುತ್ತಿದ್ದಳು.

ಮರುವರ್ಷದ ಜನವರಿಯಲ್ಲಿ ಊರಿನಲ್ಲಿ ಮತ್ತೆ ಕೆಮ್ಮು ಎದ್ದಿತು. ಮೈ ಬಿಸಿಯೆನಿಸಿದ ಕೂಡಲೇ ಅವಳು ಚಾಪೆ ಸುತ್ತಿಕೊಂಡು ಹಿತ್ತಲಿನ ಕಟ್ಟಿಗೆಯ ಗುಡಿಸಲಿಗೆ ಹೋದಳು. ಅಲ್ಮಾಸ್ ಚಹಾ ತಂದಳು.

"ಚಳಿ ಭಾಳ ಅದ, ಖಾಲಾ. ಒಳಗ ಬಾ."

"ಲೋಟ ಅಲ್ಲೇ ಇಟ್ಟು ಹೋಗವ್ವಾ."

ಅಲ್ಮಾಸ್ ಲೋಟ ಇಟ್ಟಳು. ಹೋಗಲಿಲ್ಲ. ದುಪಟ್ಟಾ ಮೂಗಿಗೆ ಹಿಡಿದು, ದೂರದ ಕಲ್ಲಿನ ಮೇಲೆ ಕುಳಿತಳು.