ಓರೆಸ್ಟನಿಗೆ ತೋರಿಸಬೇಕಿದ್ದ ಆಕಾರ

ಲೆಸ್ಯಾಳಂಥ ಹಟಮಾರಿ ಹೆಂಗಸನ್ನು ಈ ಸಾಸ್ಕಟೂನ್ ಊರಿನಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಪ್ರಯೋಗಾಲಯದಲ್ಲಿ ದುಡಿದವರು ನಾವು. ನಾನು ಗಾಜಿನ ಸಾಮಾನು ತೊಳೆದು ದ್ರಾವಣ ಕಲಸಿಡುವವಳು, ಅವಳು ಪ್ರೋಟೀನಿನ ಹರಳು ಬೆಳೆಸುವವಳು. ಡಾಕ್ಟರೇಟು ಇಬ್ಬರಿಗೂ ಇಲ್ಲ. ಆದರೆ ಡಾಕ್ಟರೇಟು ಇದ್ದವರೆಲ್ಲ ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವಳ ಬೆಂಚಿನ ಮುಂದೆಯೇ. ಇದನ್ನು ಹೇಳಲು ನನಗೆ ಯಾವ ದಾಕ್ಷಿಣ್ಯವೂ ಇಲ್ಲ.

ಪ್ರೋಟೀನು ಬರಿಗಣ್ಣಿಗೆ ಕಾಣುವ ವಸ್ತುವಲ್ಲ. ಅದರ ಕೋಟ್ಯಂತರ ಕಣಗಳು ಸಾಲಾಗಿ ಕೂತು ಹರಳಾದರೆ, ಆ ಹರಳಿಗೆ ಎಕ್ಸ್-ರೇ ಬಿಟ್ಟು, ಪರದೆಯ ಮೇಲೆ ಬೀಳುವ ಚುಕ್ಕೆಗಳಿಂದ ಅದರ ಆಕಾರವನ್ನು ಲೆಕ್ಕ ಹಾಕಬಹುದು. ಆದರೆ ಹರಳಾಗುವುದು ಬಿಡುವುದು ಅದರ ಮರ್ಜಿ. ಲೆಸ್ಯಾ ಅದನ್ನು ಬೆಕ್ಕಿನ ಮೀಸೆಯಿಂದ ಪುಸಲಾಯಿಸುತ್ತಿದ್ದಳು. ಮನೆಯ ಬೆಕ್ಕು ಕಂಬಳಿಯ ಮೇಲೆ ಉದುರಿಸಿದ ಮೀಸೆಯನ್ನು ತಂದು, ಹಳೆಯ ಹರಳಿನ ಪುಡಿಗೆ ತಾಗಿಸಿ, ಹೊಸ ಹನಿಯೊಳಗೆ ಒಂದು ಗೆರೆ ಎಳೆಯುವಳು. ಅದೃಷ್ಟವಿದ್ದರೆ ಆ ಗೆರೆಯುದ್ದಕ್ಕೂ ಹೊಸ ಹರಳು ಹುಟ್ಟುತ್ತಿತ್ತು. ಹುಟ್ಟಿದ್ದು ಪ್ರೋಟೀನೋ ಬರೀ ಉಪ್ಪೋ ಎಂದು ತಿಳಿಯಲು ಒಂದನ್ನು ಸೂಜಿಯಿಂದ ಚುಚ್ಚಬೇಕು. ಪ್ರೋಟೀನಾದರೆ ಬೆಣ್ಣೆಯ ಹಾಗೆ ಕುಸಿಯುತ್ತದೆ, ಉಪ್ಪಾದರೆ ಟಕ್ಕೆನ್ನುತ್ತದೆ. ಚುಚ್ಚದೆ ಯಾವ ಹರಳನ್ನೂ ನಂಬಬೇಡಿ ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದವಳೇ ಅವಳು.

ಅವಳ ಗಂಡ ಓರೆಸ್ಟ್ ಮೂವತ್ತೈದು ವರ್ಷ ಗೋಧಿ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡಿದವನು. ನಾಲ್ಕು ವರ್ಷದ ಹಿಂದೆ ಅವನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾಯಿತು. ರಕ್ತಪರೀಕ್ಷೆ ಮಾಡಿಸಿದರೆ, ಲೆಸ್ಯಾ ಐದು ವರ್ಷದಿಂದ ಹರಳು ಮಾಡಲು ಹೆಣಗುತ್ತಿದ್ದ ಆ ಹಾಳು ಪ್ರೋಟೀನಿನ ಜಾತಿಯೇ ಅವನ ಮೈಯಲ್ಲೂ ಇರಬೇಕೆ. ಎಲ್ಲರಲ್ಲೂ ಇರುವ ಪ್ರೋಟೀನೇ ಅದು, ಆದರೆ ಕೆಲವರಲ್ಲಿ ಅದರ ಸರಪಳಿಯ ಒಂದು ಕೊಂಡಿ ಬೇರೆ ಥರದ್ದಿರುತ್ತದೆ. ಹಾಗಿದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಬರುವ ಸಂಭವ ಹೆಚ್ಚು. ಓರೆಸ್ಟನಿಗೆ ಬಂತು.

ಫಲಿತಾಂಶ ಬಂದ ವಾರದ ಭಾನುವಾರ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ಮೂವರೂ ಕೂತು ಪೆರೋಗಿ ಕಡುಬಿಗೆ ಆಲೂಗೆಡ್ಡೆ ಹೂರಣ ತುಂಬುತ್ತಿದ್ದೆವು.

"ಅದು ನೋಡೋಕೆ ಹೆಂಗಿದೆ?" ಎಂದು ಓರೆಸ್ಟ್ ಕೇಳಿದ.

"ಯಾರಿಗೆ ಗೊತ್ತು? ನಿನ್ನ ಮೈಯಲ್ಲಿರೋ ಜಾತಿದನ್ನ ಇನ್ನೂ ಯಾರೂ ಪೂರ್ತಿ ನೋಡಿಲ್ಲ," ಎಂದಳು ಲೆಸ್ಯಾ.

"ಕೆಟ್ಟಿರೋ ಭಾಗ ನೋಡ್ದೆ ನಾನು ಒಂದು ಗಾಡಿನೂ ವಾಪಸ್ ಕಳಿಸ್ದೋನಲ್ಲ. ನೀನು ನೋಡಿದ ದಿನ ನಂಗೂ ತೋರ್ಸು. ನನ್ನ ತಲೆಗೆ ಅರ್ಥ ಆಗೋ ಹೊತ್ತಿಗೇ ತೋರ್ಸು, ಲೆಸ್ಯಾ."

"ತೋರಿಸ್ತೀನಿ," ಎಂದಳು. ಅಷ್ಟೇ ಮಾತು. ಅಂದಿನಿಂದ ಅವಳಿಗೆ ಅದೊಂದೇ ಜಪ.

ಹೋದ ಚಳಿಗಾಲಕ್ಕೆ ಓರೆಸ್ಟ್ ಇಳಿಯತೊಡಗಿದ. ಬೂಟುಗಳನ್ನು ಫ್ರಿಜ್ಜಿನಲ್ಲಿಟ್ಟ. ನನ್ನನ್ನು ತನ್ನ ಸೋದರತ್ತೆ ಎಂದುಕೊಂಡು ಗೌರವದಿಂದ ಕುರ್ಚಿ ಬಿಟ್ಟುಕೊಟ್ಟ. ನಾನೂ ಯಾಕೆ ಬೇಡವೆನ್ನಲಿ, ಕೂತೆ. ಎಕ್ಸ್-ರೇ ಕೇಂದ್ರದಲ್ಲಿ ನಮ್ಮ ಸರದಿ ಮಾರ್ಚಿನ ಒಂದು ಹಗಲು. ಅದು ತಪ್ಪಿದರೆ ಮತ್ತೆ ಸೆಪ್ಟೆಂಬರಿಗೆ. ಸೆಪ್ಟೆಂಬರಿನ ಹೊತ್ತಿಗೆ ಓರೆಸ್ಟ್ ಎಲ್ಲಿರುತ್ತಾನೆ ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಸರದಿಗೆ ಹತ್ತು ದಿನವಿದ್ದಾಗ ಒಂದು ಹನಿಯಲ್ಲಿ ಹರಳು ಬಂತು. ಒಂದೇ ಒಂದು. ಅಂಚೆಲ್ಲ ಚೂಪು, ಥಳಥಳ ಹೊಳೆಯುತ್ತಿತ್ತು. ಲೆಸ್ಯಾ ಸೂಕ್ಷ್ಮದರ್ಶಕ ಬಿಟ್ಟು ಏಳಲೊಲ್ಲಳು. ನನಗೆ ಮಾತ್ರ ಅದರ ಚೆಲುವು ಕಂಡೇ ಅನುಮಾನ ಬಂತು, ಉಪ್ಪಿನ ಹರಳೂ ಹೀಗೇ ಚೂಪಾಗಿರುತ್ತದೆ.

"ಚುಚ್ಚಿ ನೋಡೇ," ಎಂದೆ.

"ಇರೋದೊಂದು. ಚುಚ್ಚಿದ್ರೆ ಎಕ್ಸ್-ರೇಗೆ ನಿನ್ನ ಕೂರಿಸ್ಲಾ?"

"ಊರಿಗೆಲ್ಲಾ ಬುದ್ಧಿ ಹೇಳೋಳು ನೀನೇ ಅಲ್ವೇನೇ?"

"ವರ್ನಾ, ನೀನು ಹೋಗಿ ಬಾಟ್ಲಿ ತೊಳಿ."

ನನಗೂ ಸಿಟ್ಟು ಬಂತು, ಹೋಗಿ ತೊಳೆದೆ. ಅವಳ ಬೆಂಚಿನ ಮೇಲೆ ಹನಿ ಇಟ್ಟ ಇನ್ನೊಂದು ತಟ್ಟೆಯಿತ್ತು, ಮೀಸೆಯ ಗೆರೆ ಎಳೆದದ್ದು. ಅದರಲ್ಲಿ ಕತ್ತರಿಸಿದ ಉಗುರಿನಂಥ ತೆಳು ಚೂರುಗಳು ಒಂದರ ಮೇಲೊಂದು ಬಿದ್ದಿದ್ದವು. ಕಾರ್ಲಾ ಫ್ರೀಸನ್ ಎಂಬ ವಿಜ್ಞಾನಿ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು, ಲೆಕ್ಕ ಹಾಕುವ ಕೆಲಸ ಅವಳದು. "ಆ ಕಸ ಬಿಸಾಕು," ಎಂದು ಲೆಸ್ಯಾ ತಟ್ಟೆಯನ್ನು ಅವಳ ಕೈಗೆ ಕೊಟ್ಟಳು.

ಸರದಿಯ ದಿನ ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿ. ನನ್ನ ಕೆಲಸ ಅಲ್ಲಿ ಏನೂ ಇರಲಿಲ್ಲ, ಆದರೂ ಹೋದೆ. ಆ ಜಗಳದ ಮೇಲೆ ಮಾತು ಬಿಟ್ಟಿದ್ದರೂ ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಒಂಬತ್ತು ಗಂಟೆಗೆ ಹರಳನ್ನು ಕೂರಿಸಿ ಎಕ್ಸ್-ರೇ ಬಿಟ್ಟರು. ಪ್ರೋಟೀನಾಗಿದ್ದರೆ ಪರದೆಯ ತುಂಬ ಒತ್ತೊತ್ತಾಗಿ ಸಾವಿರಾರು ಚುಕ್ಕೆ ಬೀಳಬೇಕು. ಬಿದ್ದದ್ದು ಹನ್ನೊಂದು, ಒಂದಕ್ಕೊಂದು ಮಾರು ದೂರ. ಉಪ್ಪು.

ಲೆಸ್ಯಾ ಕುರ್ಚಿಯಲ್ಲಿ ಕುಸಿದಳು. "ಗೊತ್ತಿತ್ತು ಕಣೆ ವರ್ನಾ. ಚುಚ್ಚಿದ್ರೆ ಗೊತ್ತಾಗಿಬಿಡುತ್ತೆ ಅಂತಾನೇ ಚುಚ್ಚಲಿಲ್ಲ," ಎಂದಳು. ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಅವಳ ಕೈ ಹಿಡಿದು ಕೂತೆ.

ಆಗ ನಮ್ಮ ಜೊತೆ ಬಂದಿದ್ದ ಕಾರ್ಲಾ ನಮ್ಮತ್ತ ತಿರುಗಿದಳು. "ಲೆಸ್ಯಾ, ಬೈಬೇಡಿ. ನೀವು ಬಿಸಾಕು ಅಂದ ತಟ್ಟೆ ನಾನು ಬಿಸಾಕಲಿಲ್ಲ."

"ಏನು?"

"ಒಂದನ್ನ ಚುಚ್ಚಿ ನೋಡ್ದೆ, ನೀವು ಹೇಳಿಕೊಟ್ಟಂಗೆ. ಮೆತ್ತಗೆ ಕುಸೀತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ, ನೀವು ಆ ಇನ್ನೊಂದನ್ನ ಅಷ್ಟು ಹಚ್ಚಿಕೊಂಡಿದ್ರಿ. ಆರು ಚೂರು ಬಿಡಿಸಿ ತಂದಿದೀನಿ."

"ಹತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ಏಳು, ಕೂರಿಸು ಬೇಗ," ಎಂದು ಲೆಸ್ಯಾ ಗದರಿದಳು. ಮೊದಲ ಮೂರು ಚೂರು ಮಂಕು. ನಾಲ್ಕನೆಯದಕ್ಕೆ ಪರದೆಯ ಅಂಚಿನವರೆಗೂ ಚುಕ್ಕೆ ತುಂಬಿಕೊಂಡಿತು. ಲೆಸ್ಯಾ ಕಾರ್ಲಾಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ತನ್ನ ಮಕ್ಕಳಿಗೂ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ.

ಚುಕ್ಕೆಯಿಂದ ಆಕಾರ ಕಟ್ಟಲು ಕಾರ್ಲಾಳಿಗೆ ಏಳು ವಾರ ಹಿಡಿಯಿತು. ಆ ಏಳು ವಾರ ಲೆಸ್ಯಾ ದಿನಾ ಬೆಳಗ್ಗೆ ಅವಳ ಮೇಜಿನ ಬಳಿ ಹೋಗಿ ನಿಂತು, ಏನೂ ಕೇಳದೆ ವಾಪಸು ಬರುತ್ತಿದ್ದಳು. ಆಕಾರ ಸಿಕ್ಕ ಮೇಲೆ ಕಾರ್ಲಾ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಮಾಡಿಸಿಕೊಟ್ಟಳು. ಹಿಡಿಯಷ್ಟು ಗಾತ್ರ, ನೀಲಿ ಬಣ್ಣ. ಉದ್ದನೆಯ ನಾಲ್ಕು ಸುರುಳಿಗಳ ಕಟ್ಟು, ಪಕ್ಕದಲ್ಲೊಂದು ಬಾಲ.

ಮೇ ತಿಂಗಳ ಶನಿವಾರ ಮಧ್ಯಾಹ್ನ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ನಾನು ಬೆರ್ರಿ ಹಣ್ಣಿನ ಪೈ ಒಯ್ದಿದ್ದೆ. ಓರೆಸ್ಟ್ ಅಂದು ಗಡ್ಡ ಹೆರೆದು ಗೆಲುವಾಗಿದ್ದ.

"ಇದೇನಿದು?" ಎಂದ.

"ನಿನ್ನ ಪ್ರೋಟೀನು. ತೋರಿಸ್ತೀನಿ ಅಂದಿದ್ನಲ್ಲ. ನೋಡು, ಬೇರೆಯವರಲ್ಲಿ ಈ ಬಾಲ ಇಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತೆ. ನಿಂದು ಇಲ್ಲಿ ಬಿಟ್ಕೊಂಡಿದೆ."

ಅವನು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಹೊರಳಿಸಿ ನೋಡಿದ. ಗ್ಯಾರೇಜಿನಲ್ಲಿ ಅವನು ಹಲ್ಲುಚಕ್ರ ನೋಡುತ್ತಿದ್ದದ್ದೇ ಹಾಗೆ. ಬಾಲ ಬಿಟ್ಟುಕೊಂಡ ಜಾಗದಲ್ಲಿ ಹೆಬ್ಬೆರಳಿಟ್ಟು, "ಹಿಡಿತ ಸಡಿಲ. ಅದಕ್ಕೇ ಅಲ್ಲಾಡ್ತಾ ಇದೆ," ಎಂದ. "ಬಿಗಿ ಮಾಡಬಹುದಾ?"

"ಇನ್ನೂ ಆಗಲ್ಲ. ಎಲ್ಲಿ ಅಂತ ಈಗ ತಾನೇ ಗೊತ್ತಾಗಿದೆ."

"ಎಲ್ಲಿ ಅಂತ ಗೊತ್ತಾದ್ರೆ ಅರ್ಧ ಕೆಲಸ ಆದಂಗೆ. ಇದನ್ನ ಮಾಡ್ದೋರು ಯಾರು?"

"ನಾನು. ಇನ್ನೊಬ್ಬ ಹುಡುಗಿ."

"ಭಲೇ," ಎಂದ. ಲೆಸ್ಯಾ ಕಣ್ಣೊರೆಸಿಕೊಂಡಳು, ನಾನು ಪೈ ಕತ್ತರಿಸಿದೆ. ಅವನು ಎರಡು ಚೂರು ತಿಂದು, ಮೂತಿ ಒರೆಸಿಕೊಂಡು, ಮೇಜಿನತ್ತ ನೋಡಿ, "ಇದೇನಿದು?" ಎಂದ.

ನಾನು ಚಾಕು ಕೆಳಗಿಟ್ಟೆ. ಲೆಸ್ಯಾ ಮಾತ್ರ ಕುರ್ಚಿ ಹತ್ತಿರಕ್ಕೆಳೆದುಕೊಂಡು, "ನಿನ್ನ ಪ್ರೋಟೀನು," ಎಂದು ಮೊದಲಿನಿಂದ ಶುರುಮಾಡಿದಳು. ಅವನು ಮತ್ತೆ ಹೊರಳಿಸಿ ನೋಡಿದ, ಮತ್ತೆ ಸಡಿಲ ಎಂದ, ಮತ್ತೆ ಭಲೇ ಎಂದ. ಸಂಜೆಯವರೆಗೆ ಐದು ಸಲ ಹೀಗೆಯೇ ಆಯಿತು, ಐದು ಸಲವೂ ಅವನಿಗೆ ಪೂರ್ತಿ ಅರ್ಥವಾಯಿತು. ಐದನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ಅವನ ಹೆಬ್ಬೆರಳು ಆ ಜಾಗಕ್ಕೆ ಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕೋಟು ತರುವ ನೆಪ ಮಾಡಿ ಎದ್ದೆ.

ಲೆಸ್ಯಾ ಬಾಗಿಲವರೆಗೆ ಬಂದಳು. "ಸುಸ್ತಾಗಲ್ವೇನೇ ನಿಂಗೆ?" ಎಂದು ಕೇಳಿದೆ.

"ಒಂಬತ್ತು ವರ್ಷದ ಕೆಲಸ ಕಣೆ. ಒಂದೇ ಸಲ ತೋರಿಸಿ ಮುಗಿಸೋಕಾಗುತ್ತಾ?" ಎಂದಳು. ಒಳಗಿನಿಂದ ಓರೆಸ್ಟ್ ಅವಳ ಹೆಸರು ಹಿಡಿದು ಕೂಗಿದ. ನನಗೆ ಸರಿಯಾಗಿ ಹೋಗಿ ಬಾ ಎಂದೂ ಹೇಳದೆ ಅವಳು ಒಳಗೆ ಹೋದಳು.